ಗಾಳಿ ತಿರುಗುವ ವಾರ

ಮರಡಿಹುಂಡಿ, ನಂಜನಗೂಡು ತಾಲ್ಲೂಕು
8 ಜುಲೈ 2002

ಅಕ್ಕ,

ಕ್ಷೇಮವೆಂದು ಶುರು ಮಾಡುವುದು ವಾಡಿಕೆ. ಈ ಸಲ ಆ ಸುಳ್ಳು ಬೇಡ. ಭರಣಿ ಬರಲಿಲ್ಲ, ಕೃತ್ತಿಕೆ ಬರಲಿಲ್ಲ, ರೋಹಿಣಿ ಗುಡುಗಿ ಹೆದರಿಸಿ ಹೋಯಿತು. ಮೊನ್ನೆ ಆರಿದ್ರೆ ಮಳೆಯೂ ಮುಗಿಯಿತು. ಎಳ್ಳು, ಹೆಸರು ಎರಡೂ ಹೋದವು. ಹಗಲೆಲ್ಲ ಗಾಳಿ, ಕಣ್ಣಿಗೆ ಮಣ್ಣು.

ಅದೆಲ್ಲ ಹಾಳಾಗಲಿ, ಬೇರೆ ಸಂಗತಿ ಇದೆ. ಕಟ್ಟೆಯಲ್ಲಿ ಅವ್ವನ ಮಾತು ಎದ್ದಿದೆ. ತೊನ್ನು ಇದ್ದವರನ್ನು ಮಣ್ಣಿಗೆ ಕೊಟ್ಟರೆ ಭೂಮಿತಾಯಿ ಮುನಿಯುತ್ತಾಳಂತೆ, ಮಳೆ ನಿಲ್ಲುತ್ತದಂತೆ. ಅವ್ವನನ್ನು ಹೊರಗೆ ತೆಗೆದು ಸುಡಬೇಕಂತೆ. ನಮ್ಮಲ್ಲಿ ಸುಡುವುದುಂಟೇ ಅಕ್ಕ? ಮಾರ್ಚಿಯಲ್ಲಿ ತಾನೇ ನೀನೂ ನಿಂತು ನೋಡಿದೆ. ನಮ್ಮದೇ ಹೊಲದ ಬೇವಿನ ಮರದಡಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ, ಕೂರಿಸಿ ಬಂದಿದ್ದೇವೆ. ಇನ್ನೂ ಗುಣಿಯ ಮಣ್ಣು ಕೂತಿಲ್ಲ.

ಮಾತು ಎತ್ತಿದವರು ಊರ ಯಜಮಾನ ಪುಟ್ಟಸ್ವಾಮಿ ಅಲ್ಲ, ಆದರೆ ಅವರು ಬಾಯಿ ಮುಚ್ಚಿಸಲೂ ಇಲ್ಲ. ಚಿಕ್ಕಂದಿನಲ್ಲಿ ಅವ್ವನ ಕೈಯ ಮುದ್ದೆ ಉಂಡು ಬೆಳೆದ ಮನುಷ್ಯ! ಊರಿನ ಒಂದೇ ಫೋನು ಅವರ ಅಂಗಡಿಯಲ್ಲಿದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀನು ಭೂಗೋಳ ಪಾಠ ಹೇಳುವವಳು. ಮಳೆ ಯಾಕೆ ಬರುತ್ತದೆ, ಯಾಕೆ ಬರುವುದಿಲ್ಲ ಎಂದು ಬಿಡಿಸಿ ಬರೆ. ಕಟ್ಟೆಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಅದಕ್ಕಿಂತ ನೀನೇ ಬಂದು ಹೇಳಿದರೆ ಇನ್ನೂ ಒಳ್ಳೆಯದು. ನರಸೀಪುರದಿಂದ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀಯ.

ನಿನ್ನ ತಮ್ಮ
ಗಂಗಾಧರಸ್ವಾಮಿ


ತಿ. ನರಸೀಪುರ
15 ಜುಲೈ 2002

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಯಾವ ಕಾಲದಲ್ಲಿದ್ದಾರೆ ಇವರು! ಸರಿ, ಕೆಳಗಿನದನ್ನು ಅವರಿಗೆ ನಿಧಾನವಾಗಿ ಓದಿ ಹೇಳು. ಹತ್ತನೇ ತರಗತಿಯ ಮಕ್ಕಳಿಗೆ ಅರ್ಥವಾಗುವುದು ಕಟ್ಟೆಯ ಹಿರಿಯರಿಗೆ ಅರ್ಥವಾಗದೇ ಇರದು.

ಒಲೆಯ ಮೇಲೆ ಹೆಂಚು ಬೇಗ ಕಾಯುತ್ತದೆ, ಹಂಡೆಯ ನೀರು ನಿಧಾನವಾಗಿ ಕಾಯುತ್ತದೆ. ನೆಲ ಹೆಂಚಿನ ಹಾಗೆ, ಸಮುದ್ರ ಹಂಡೆಯ ಹಾಗೆ. ಬೇಸಿಗೆಯಲ್ಲಿ ಸೂರ್ಯ ಬಡಗಲಿಗೆ ಸರಿಯುತ್ತಾನೆ, ನಮ್ಮ ದೇಶದ ನೆಲ ಕಾಯುತ್ತದೆ. ಕಾದ ನೆಲದ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ಜಾಗ ತುಂಬಲು ಸಮುದ್ರದ ಕಡೆಯಿಂದ ತೇವದ ಗಾಳಿ ನುಗ್ಗುತ್ತದೆ. ಇದೇ ಮುಂಗಾರು. ಹೀಗೆ ನುಗ್ಗುವ ಗಾಳಿಗೆ ಕೊಡಗು, ವಯನಾಡಿನ ಬೆಟ್ಟಗಳು ಅಡ್ಡ ನಿಲ್ಲುತ್ತವೆ. ಗಾಳಿ ಬೆಟ್ಟ ಹತ್ತಿ ತಣ್ಣಗಾಗಿ ಇದ್ದಬದ್ದ ನೀರನ್ನೆಲ್ಲ ಅಲ್ಲೇ ಸುರಿಸುತ್ತದೆ. ಇತ್ತ ಇಳಿದು ನಮ್ಮ ಊರಿಗೆ ಬರುವ ಹೊತ್ತಿಗೆ ಅದು ಬರಿಗೈ ದಾಸ. ಆದ್ದರಿಂದ ಆಷಾಢದಲ್ಲಿ ನಮಗೆ ಸಿಗುವುದು ಬರೀ ಗಾಳಿ. ಅವ್ವ ಇದ್ದಾಗಲೂ ಹೀಗೇ ಇತ್ತು, ಅವ್ವ ಹುಟ್ಟುವ ಮೊದಲೂ ಹೀಗೇ ಇತ್ತು. ಕಪಿಲೆಯಲ್ಲಿ ಹರಿಯುವುದು ವಯನಾಡಿನ ಮಳೆ, ನಮ್ಮದಲ್ಲ.

ನಮ್ಮ ಪಾಲಿನ ಮಳೆ ಎರಡು ಸಲ ಬರುತ್ತದೆ. ಮೊದಲನೆಯದು ಭರಣಿ, ಕೃತ್ತಿಕೆಯ ಗುಡುಗು ಮಳೆ. ಇದು ಊರಿನ ಕಾವಿಗೇ ಹುಟ್ಟುವ ಮಳೆ. ಎರಡನೆಯದು ಸೂರ್ಯ ತೆಂಕಲಿಗೆ ಮರಳುವಾಗ ಬರುವುದು. ಆಗ ಗಾಳಿ ತಿರುಗುತ್ತದೆ, ಮೂಡಲ ಕಡಲಿನ ಮೋಡಗಳು ನಮ್ಮ ಕಡೆ ಬರುತ್ತವೆ. ನಡುವೆ ಬೆಟ್ಟದ ಅಡ್ಡಿ ಅಷ್ಟಿಲ್ಲ. ಈ ವರ್ಷ ಪೆಸಿಫಿಕ್ ಎಂಬ ದೊಡ್ಡ ಸಾಗರದ ನೀರು ಎಂದಿಗಿಂತ ಬಿಸಿಯಾಗಿದೆ, ಅದಕ್ಕೇ ಮುಂಗಾರು ಸೊರಗಿದೆ. ಪೆರು ದೇಶದ ಬೆಸ್ತರು ಆ ಬಿಸಿನೀರಿಗೆ ಮಗು ಎಂದೇ ಹೆಸರಿಟ್ಟಿದ್ದಾರೆ. ಆದರೆ ಹಿಂಗಾರು ಪೂರ್ತಿ ಕೈಬಿಡುವುದಿಲ್ಲ. ಸೆಪ್ಟೆಂಬರ್ ಕೊನೆಗೆ, ಹಸ್ತ ಹುಟ್ಟುವ ವಾರ ಗಾಳಿ ತಿರುಗುತ್ತದೆ. ಆಮೇಲೆ ಮಳೆ ಬಂದೇ ಬರುತ್ತದೆ ಎಂದು ನನ್ನ ಹೆಸರಿನಲ್ಲಿ ಹೇಳು. ಅಲ್ಲಿಯವರೆಗೆ ತಾಳ್ಮೆಯಿಂದಿರಲಿ.

ಸ್ಕೂಲಿನಲ್ಲಿ ಇನ್‌ಸ್ಪೆಕ್ಷನ್ ಇದೆ, ರಜೆ ಸಿಗುವುದಿಲ್ಲ.

ನಿನ್ನ ಅಕ್ಕ
ದಾಕ್ಷಾಯಿಣಿ


ಮರಡಿಹುಂಡಿ
5 ಆಗಸ್ಟ್ 2002

ಅಕ್ಕ,

ನಿನ್ನ ಕಾಗದವನ್ನು ಕಳೆದ ಸೋಮವಾರ ಕಟ್ಟೆಯಲ್ಲಿ ಓದಿದೆ. ಹೆಂಚು, ಹಂಡೆಯ ಮಾತಿಗೆ ಎಲ್ಲರೂ ತಲೆದೂಗಿದರು. ಪೆರು ದೇಶದ ಬೆಸ್ತರು ಬಂದರು ನೋಡು, ಅಲ್ಲಿ ಕೆಟ್ಟಿತು. ಮೊದಲು ಈ ಮಾತು ಎತ್ತಿದ ರಾಚಯ್ಯ ಎದ್ದು ನಿಂತು, "ಏಳು ಸಮುದ್ರದಾಚೆ ನೀರು ಬಿಸಿಯಾದ್ರೆ ನಮ್ಮೂರ್ ಮಳೆ ನಿಲ್ತದೆ ಅಂತೀಯಲ್ಲ, ಊರೊಳಗೇ ತೊನ್ನಿನ್ ಎಣ ಊತಿದ್ರೆ ನಿಲ್ಲಾಕಿಲ್ವ ಕಣಯ್ಯ?" ಎಂದ. ಎಲ್ಲ ನಕ್ಕರು. ನೀನಿದ್ದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ.

ಪುಟ್ಟಸ್ವಾಮಿ ಮಾತ್ರ ನಗಲಿಲ್ಲ. "ಗಾಳಿ ತಿರುಗೋದು ಓದಿದ್ಯಲ್ಲ, ಅದ ಇನ್ನೊಂದ್ಸಲಿ ಓದು" ಎಂದರು. ಓದಿದೆ. ಕಾಗದ ಕೇಳಿ ಇಸಿದುಕೊಂಡು ಜೇಬಿಗಿಟ್ಟುಕೊಂಡರು. "ನಿಮ್ಮಕ್ಕ ತಿಳ್ದೋರು ಕಣೋ. ಹಸ್ತದವರ್ಗೂ ಯಾರೂ ಈ ಮಾತ್ ಎತ್ಬೇಡಿ" ಎಂದು ಸಭೆ ಮುಗಿಸಿದರು. ಅಂತೂ ಒಬ್ಬರ ತಲೆಗಾದರೂ ಇಳಿಯಿತಲ್ಲ! ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಇನ್ನೊಂದು ಸಮಾಚಾರ. ನಯನಳಿಗೆ ಹೆಮ್ಮರಗಾಲದ ಕಡೆಯಿಂದ ಗಂಡು ಬಂದಿದೆ. ನಂಜೇಶ ಎಂದು ಹೆಸರು, ಒಳ್ಳೆಯ ಹುಡುಗ, ನಯನಳಿಗೂ ಒಪ್ಪಿಗೆ. ಅವನ ತಾಯಿ ಮಾತ್ರ, ಅಜ್ಜಿಗಿದ್ದದ್ದು ಮನೆಯಲ್ಲಿ ಬೇರೆ ಯಾರಿಗಾದರೂ ಉಂಟೇ ಎಂದು ಕೇಳಿದರು. ಅವ್ವನ ಕಾರಣಕ್ಕೆ ನಿನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನನ್ನ ಮಗಳಿಗೂ ಹಾಗಾಗಬಾರದು. ಲಿಂಗ ಮುಟ್ಟಿ ಹೇಳಿದೆ, ಯಾರಿಗೂ ಇಲ್ಲ ಎಂದು. ನನ್ನ ಅಕ್ಕ ಟೀಚರು, ಮೈಬಣ್ಣ ಅರಿಸಿನ, ಬೇಕಾದರೆ ಕಣ್ಣಾರೆ ನೋಡಿ ಎಂದುಬಿಟ್ಟೆ. ಗೌರಿಹಬ್ಬ ಕಳೆದ ಭಾನುವಾರ ವೀಳ್ಯಶಾಸ್ತ್ರ. ನೀನು ಬಂದು ಆ ಹೆಂಗಸಿನ ಎದುರು ಕೂತರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ಆಗುತ್ತದೆ.

ಗಂಗಾಧರ


ತಿ. ನರಸೀಪುರ
13 ಆಗಸ್ಟ್ 2002

ಗಂಗಾಧರ,

ವೀಳ್ಯಶಾಸ್ತ್ರಕ್ಕೆ ಬರಲಾಗುವುದಿಲ್ಲ. ಕಾರಣ ಕೇಳಬೇಡ. ನಯನಳಿಗೆ ಒಂದು ಸೀರೆ ಕಳಿಸಿದ್ದೇನೆ, ಅಂಚು ಅವಳಿಗೆ ಇಷ್ಟವಾಗಬಹುದು.

ಲಿಂಗ ಮುಟ್ಟಿ ಆಣೆ ಮಾಡುವ ಮುಂಚೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ನನ್ನ ಮೈಬಣ್ಣ ಏನು ಸಂತೆಯ ಸಾಮಾನೇ? ತೊನ್ನು ಅಂಟುರೋಗವಲ್ಲ, ಶಾಪವಲ್ಲ. ಚರ್ಮದ ಬಣ್ಣ ಹೋಗುವುದಷ್ಟೇ. ಅದನ್ನು ಆ ಹೆಂಗಸಿಗೆ ಹೇಳುವುದು ಬಿಟ್ಟು ಆಣೆ ಇಟ್ಟು ಬಂದಿದ್ದೀಯ.

ಯಾರಾದರೂ ಗುಣಿಯ ಹತ್ತಿರ ಗುದ್ದಲಿ ತಂದರೆ ನಂಜನಗೂಡಿಗೆ ಹೋಗಿ ಪೊಲೀಸಿಗೆ ದೂರು ಕೊಡು. ಪುಟ್ಟಸ್ವಾಮಿಯವರು ತಿಳಿದವರ ಹಾಗೆ ಕಾಣುತ್ತಾರೆ, ಅವರನ್ನು ಹಿಡಿದುಕೋ. ಹಸ್ತದವರೆಗೆ ತಡೆದರೆ ನಾವು ಗೆದ್ದ ಹಾಗೆ.

ದಾಕ್ಷಾಯಿಣಿ


ಮರಡಿಹುಂಡಿ
18 ಸೆಪ್ಟೆಂಬರ್ 2002

ಅಕ್ಕ,

ಹೇಳಿಯೇಬಿಡುತ್ತೇನೆ, ನಿನಗೆ ನಾಚಿಕೆ. ಅವ್ವನ ಮಗಳೆಂದು ಗೊತ್ತಾಗುವುದು ನಿನಗೆ ನಾಚಿಕೆ. ನಿನ್ನ ಸ್ಕೂಲಿನಲ್ಲಿ ಯಾರಿಗಾದರೂ ಅವ್ವನ ಪಟ ತೋರಿಸಿದ್ದೀಯಾ?

ಮಾರ್ಚಿಯ ಆ ಸುಡುಬಿಸಿಲಲ್ಲಿ ಮುಂಗೈವರೆಗೆ ತೋಳಿರುವ ರವಿಕೆ ತೊಟ್ಟು ಬಂದಿದ್ದೆ. ಪೇಟೆಯ ಫ್ಯಾಷನ್ ಎಂದುಕೊಂಡೆ. ಹೆಂಗಸರೆಲ್ಲ ಸೇರಿ ಅವ್ವನಿಗೆ ಕೊನೆಯ ನೀರು ಹಾಕುವಾಗ ಹೆತ್ತ ಮಗಳು ನೀನು ಗೋಡೆಗೊರಗಿ ನಿಂತಿದ್ದೆ. ಪಕ್ಕದ ಮನೆಯ ಮರಿತಾಯಮ್ಮ ಕರೆದರೂ ಬರಲಿಲ್ಲ. "ಓದಿದೋರ್ಗೆ ಅಸಿಂಗ ಆಯ್ತದೆ ಬುಡಿ" ಎಂದು ಅವಳು ಅಂದದ್ದು ನನ್ನ ಕಿವಿಗೆ ಬಿತ್ತು. ನಿನ್ನ ಪರವಾಗಿ ಜಗಳವಾಡಿದೆ. ಈಗ ಅನ್ನಿಸುತ್ತಿದೆ, ಅವಳು ಹೇಳಿದ್ದೇ ಸರಿ. ತೊನ್ನು ಶಾಪವಲ್ಲ ಎಂದು ಕಾಗದದಲ್ಲಿ ಬರೆಯುವುದು ಸುಲಭ. ಮುಟ್ಟುವುದು ಕಷ್ಟ.

ಪೊಲೀಸಿನವರು ಒಂದು ದಿನ ಬಂದು ಹೋಗುತ್ತಾರೆ, ನಾನು ದಿನಾ ಇಲ್ಲಿ ಬದುಕಬೇಕು. ನಮ್ಮ ಹೊಲಕ್ಕೆ ಆಳು ಬರುತ್ತಿಲ್ಲ. ಕ್ಷೌರದವನು ಬಾಗಿಲಲ್ಲೇ ತಿರುಗಿ ಹೋದ. ಹೆಮ್ಮರಗಾಲದವರು ವೀಳ್ಯಶಾಸ್ತ್ರ ಮುಂದಕ್ಕೆ ಹಾಕಿದ್ದಾರೆ. ಮೊದಲು ಊರಿನ ಮಾತು ಮುಗಿಸಿಕೊಳ್ಳಿ, ಆಮೇಲೆ ನಮ್ಮ ಮಾತು ಎನ್ನುತ್ತಾರೆ. ನಯನ ಕೋಣೆಯಿಂದ ಹೊರಗೆ ಬರುತ್ತಿಲ್ಲ. ಪುಟ್ಟಸ್ವಾಮಿಯವರೂ ಈಗ ಹಸ್ತ ಹುಟ್ಟುವ ಹೊತ್ತಿಗೆ ತೀರ್ಮಾನವಾಗಬೇಕು ಎನ್ನುತ್ತಿದ್ದಾರೆ.

ಇದು ಕೊನೆಯ ಸಲ ಕೇಳುತ್ತಿದ್ದೇನೆ. ಬಾ. ಪಾಠ ಹೇಳಬೇಡ, ಗುಣಿಯ ಹತ್ತಿರ ನನ್ನ ಜೊತೆ ನಿಂತುಕೋ. ಇಬ್ಬರಿದ್ದರೆ ತಡೆಯಬಹುದು.

ಗಂಗಾಧರ


ಮರಡಿಹುಂಡಿ
3 ಅಕ್ಟೋಬರ್ 2002

ಅಕ್ಕ,

ಹಸ್ತ ಬಂತು. ಎರಡು ದಿನ ಬಿಡದೆ ಹುಯ್ದಿದೆ. ಕಟ್ಟೆಯ ಮುಂದೆ ಮಕ್ಕಳು ನೀರಾಡುತ್ತಿವೆ. ಹುರುಳಿ ಬಿತ್ತಲು ಆಳು ಸಿಕ್ಕಿದ್ದಾರೆ. ಹೆಮ್ಮರಗಾಲದವರು ಒಪ್ಪಿದರು. ಮದುವೆ ಕಾರ್ತಿಕದಲ್ಲಿ.

ನಿನ್ನಿಂದ ಉತ್ತರ ಬರಲಿಲ್ಲ.

ಗಂಗಾಧರ


ತಿ. ನರಸೀಪುರ
7 ಅಕ್ಟೋಬರ್ 2002

ಗಂಗಾಧರ, ನನ್ನ ಬಂಗಾರದ ತಮ್ಮ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲೇ ಒಡೆದು ಓದಿ ಮಗುವಿನ ಹಾಗೆ ಅತ್ತುಬಿಟ್ಟೆ. ಹಸ್ತದ ವಾರವೇ ಬಂತಲ್ಲ! ಹೇಳಿರಲಿಲ್ಲವೇ ನಾನು? ಸೂರ್ಯ, ಗಾಳಿ, ಕಡಲು ಯಾವ ರಾಚಯ್ಯನ ಮಾತನ್ನೂ ಕೇಳುವುದಿಲ್ಲ. ಪಾಠ ಬಿಟ್ಟು ಮಕ್ಕಳಿಗೆ ಇದೇ ಕಥೆ ಹೇಳಿದೆ. ಒಂದು ಊರಿನವರು ಮುದುಕಿಯೊಬ್ಬಳ ಗೋರಿ ಅಗೆಯಲು ಹೊರಟಿದ್ದರು, ಒಬ್ಬ ರೈತ ವಿಜ್ಞಾನದ ಮಾತು ನಂಬಿ ತಡೆದು ನಿಂತ, ಮಳೆ ತನ್ನ ಹೊತ್ತಿಗೆ ತಾನೇ ಬಂತು ಎಂದೆ. ಮಕ್ಕಳು ಚಪ್ಪಾಳೆ ಹೊಡೆದವು. ಆ ರೈತ ನೀನು ಎಂದು ಹೇಳಿಕೊಳ್ಳಲು ಬಾಯಿ ತುರಿಸುತ್ತಿತ್ತು.

ಅದಕ್ಕೂ ಮುಂಚಿನ ಕಾಗದದಲ್ಲಿ ನೀನು ಬರೆದ ಮಾತುಗಳು ಚುಚ್ಚಿದವು. ಉತ್ತರ ಬರೆಯಲು ಕೂತು ಹರಿದು ಹಾಕಿದೆ. ಹೋಗಲಿ ಬಿಡು. ಅವ್ವ ತನ್ನ ಜಾಗದಲ್ಲಿ ಕೂತಿದ್ದಾಳೆ, ಮೇಲೆ ಮಳೆ ಬಿದ್ದಿದೆ. ನನಗೆ ಅಷ್ಟು ಸಾಕು. ನನ್ನ ಹೆಸರಿನಲ್ಲಿ ಗುಣಿಯ ಮೇಲೆ ಎರಡು ಬಿಲ್ವಪತ್ರೆ ಇಡು.

ಅಕ್ಕ


ಮರಡಿಹುಂಡಿ
20 ಅಕ್ಟೋಬರ್ 2002

ಅಕ್ಕ,

ಬಿಲ್ವಪತ್ರೆ ಇಡಲು ಅಲ್ಲಿ ಏನೂ ಇಲ್ಲ.

ಮಳೆ ಬರುವುದಕ್ಕೆ ಮುಂಚಿನ ದಿನ ತೆಗೆದೆವು. ತೆಗೆದರು ಎಂದು ಬರೆಯೋಣವೆಂದುಕೊಂಡೆ, ಕೈ ಬರಲಿಲ್ಲ. ಹೊಲದ ಒಡೆಯ ನಾನು, ಮಗ ನಾನು, ಮೊದಲ ಗುದ್ದಲಿ ನನ್ನದೇ ಆಗಬೇಕೆಂದರು. ಬೇರೆ ಯಾರೂ ಅವ್ವನನ್ನು ಮುಟ್ಟಕೂಡದು ಎಂದು ಹೇಳಿ ನಾನೇ ಇಳಿದು ಎತ್ತಿದೆ. ಕೂರಿಸಿದ ಹಾಗೆಯೇ ಇದ್ದಳು. ಅದಕ್ಕಿಂತ ಹೆಚ್ಚು ಕೇಳಬೇಡ. ಬೇವಿನ ಕೊಂಬೆಗಳನ್ನೇ ಕಡಿದು ಒಟ್ಟಿದರು, ಹಸಿ ಸೌದೆ, ಉರಿ ಹತ್ತಲು ಬಹಳ ಹೊತ್ತಾಯಿತು. ಲಿಂಗವನ್ನು ನಾನು ತೆಗೆದುಕೊಂಡು ಹೋಗಿ ನಂಜನಗೂಡಿನಲ್ಲಿ ಕಪಿಲೆಗೆ ಬಿಟ್ಟೆ. ಹೊಳೆ ನಿನ್ನ ಊರಿಗೇ ಬರುತ್ತದಲ್ಲ ಎಂದುಕೊಂಡೆ. ಕಲ್ಲು ಹರಿದು ಬರುವುದಿಲ್ಲ ಎಂದೂ ಗೊತ್ತು.

ಮಾರನೆಯ ಮಧ್ಯಾಹ್ನ ಮೂಡಲಲ್ಲಿ ಮೋಡ ಎದ್ದಿತು. ಸಂಜೆಗೆ ಮಳೆ. ಊರೆಲ್ಲ ಬೀದಿಗೆ ಬಂದು ಕುಣಿಯಿತು. ರಾಚಯ್ಯ ನನ್ನ ಕಾಲಿಗೆ ಬಿದ್ದು, "ಊರ್ ಉಳಿಸ್ಬುಟ್ಟೆ ಕಣಪ್ಪ" ಎಂದ.

ಮಳೆಯಲ್ಲೇ ಪುಟ್ಟಸ್ವಾಮಿ ನಮ್ಮ ಮನೆಗೆ ಬಂದರು. ಜೇಬಿನಿಂದ ನಿನ್ನ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಿಮ್ಮಕ್ಕ ಬರ್ದಿದ್ದೆಲ್ಲಾ ದಿಟ ಕಣೋ. ನನಗೆ ಅವತ್ತೇ ಗೊತ್ತಾಯ್ತು. ಆದ್ರೆ ಊರ್ಗೆ ಏನ್ ಏಳಿದ್ರೂ ತಲೆಗೆ ಓಗಾಕಿಲ್ಲ. ಆಷಾಢ್ದಲ್ಲೇ ತೆಗ್ಸಿದ್ರೆ ಮಳೆ ಬತ್ತಿರ್ಲಿಲ್ಲ, ಇನ್ನೊಂದ್ ಎಣ ಉಡುಕ್ತಿದ್ರು. ಅದ್ಕೇ ಗಾಳಿ ತಿರುಗೋ ವಾರದ್ವರ್ಗೂ ತಡ್ದು ತೆಗ್ಸಿದೀನಿ. ಈಗ ಊರ್ಗೂ ನೆಮ್ದಿ, ನಿನ್ ಮಗಳ ಮದ್ವೆಗೂ ಅಡ್ಡಿ ಇಲ್ಲ. ನಿನ್ ಒಳ್ಳೇದ್ಕೇ ಮಾಡಿದ್ದು. ಅಕ್ಕಂಗೆ ನಮಸ್ಕಾರ ಏಳು."

ಹೇಳಿದ್ದೇನೆ.

ಇಡೀ ಊರಿನಲ್ಲಿ ನಿನ್ನ ಪಾಠ ಅರ್ಥವಾದದ್ದು ಆತನೊಬ್ಬನಿಗೇ ಅಕ್ಕ. ನಗುವುದೋ ಅಳುವುದೋ ತಿಳಿಯುತ್ತಿಲ್ಲ. ಗುಣಿ ಇನ್ನೂ ತೆರೆದೇ ಇದೆ, ನೀರು ನಿಂತಿದೆ. ನೀನು ಬಂದು ನಿಂತಿದ್ದರೆ ನಾನು ಗುದ್ದಲಿ ಎತ್ತುತ್ತಿರಲಿಲ್ಲ. ಇದನ್ನು ನಿನ್ನನ್ನು ನೋಯಿಸಲೆಂದೇ ಬರೆದಿದ್ದೇನೆ.

ಗಂಗಾಧರ


ತಿ. ನರಸೀಪುರ
9 ನವೆಂಬರ್ 2002

ಗಂಗಾಧರ,

ನೋಯಿಸಿದ್ದೀಯ. ಈಗ ನನ್ನ ಮಾತು ಕೇಳು.

ಅವ್ವನಿಗೆ ನೀರು ಹಾಕಬೇಕಾದರೆ ರವಿಕೆಯ ತೋಳು ಮಡಿಸಬೇಕಿತ್ತು. ಮಡಿಸಿದ್ದರೆ ಅಲ್ಲಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ಹೋದ ವರ್ಷ ದಸರೆಯ ಹೊತ್ತಿಗೆ ಮೊಣಕೈ ಹತ್ತಿರ ಶುರುವಾಯಿತು, ಒಂದು ಕಾಸಿನಗಲ. ಈಗ ಎರಡೂ ತೋಳು, ಕತ್ತಿನ ಹಿಂದೆ. ಆಗಸ್ಟಿನಲ್ಲಿ ತುಟಿಯ ಅಂಚಿಗೂ ಬಂತು. ಮೈಸೂರಿನ ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ಹೆದರಬೇಡಿ ಎಂದಿದ್ದಾರೆ. ನಾನು ಹೆದರಿದ್ದು ರೋಗಕ್ಕಲ್ಲ. ನೀನು ಲಿಂಗ ಮುಟ್ಟಿ ಆಣೆ ಇಟ್ಟು ಬಂದಿದ್ದೆ. ನಾನು ಆ ಹೆಂಗಸಿನ ಎದುರು ಕೂತಿದ್ದರೆ ನಯನಳ ಮದುವೆ ಅಲ್ಲೇ ಮುರಿಯುತ್ತಿತ್ತು. ಗುಣಿಯ ಹತ್ತಿರ ನಿನ್ನ ಜೊತೆ ನಿಂತಿದ್ದರೆ, ತಾಯಿಯದು ಮಗಳಿಗೂ ಬಂತು ಎಂದು ಊರೇ ಎದ್ದು ನಿಲ್ಲುತ್ತಿತ್ತು. ನಿನಗೆ ಹೇಳಿಬಿಡಬೇಕಿತ್ತು. ಹೇಳಿದ್ದರೆ ಆಣೆಯನ್ನು ನೀನು ಹೇಗೆ ಹೊರುತ್ತಿದ್ದೆ ಎಂದು ಬಾಯಿ ಕಟ್ಟಿಕೊಂಡೆ.

ಹಾಗೆಂದು ನಾನು ಪಾರಾಗುವುದಿಲ್ಲ. ತಾಯಿಯನ್ನು ಸುಡಲು ಮುಹೂರ್ತ ಇಟ್ಟುಕೊಟ್ಟವಳು ನಾನೇ. ಹಸ್ತ ಹುಟ್ಟುವ ವಾರ ಎಂದು ನನ್ನ ಕೈಯಾರೆ ಬರೆದೆ, ನನ್ನ ಹೆಸರಿನಲ್ಲಿ ಹೇಳು ಎಂದೂ ಬರೆದೆ. ಎಂಥ ಜಂಬ ಇತ್ತು ನನಗೆ! ಇನ್ನು ಮೇಲೆ ಮರಡಿಹುಂಡಿಯಲ್ಲಿ ಯಾವ ಮಗುವಿಗೂ ಮುಂಗಾರು ಹಿಂಗಾರಿನ ಪಾಠ ಹತ್ತುವುದಿಲ್ಲ. ಮಳೆ ಹೇಗೆ ಬರುತ್ತದೆಂದು ಅವು ಕಣ್ಣಾರೆ ನೋಡಿವೆ. ಚಪ್ಪಾಳೆ ಹೊಡೆದ ನನ್ನ ಮಕ್ಕಳಿಗೆ ನಾನು ನಿಜ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ.

ಒಂದು ಕೇಳಿಕೆ. ಆ ಗುಣಿಯನ್ನು ಮುಚ್ಚಬೇಡ. ನನಗೆ ಹಿಂದೆ ಮುಂದೆ ಯಾರೂ ಇಲ್ಲ, ನಾನು ಸತ್ತರೆ ಮಣ್ಣು ಮಾಡಬೇಕಾದವನು ನೀನೇ. ಅವ್ವ ಕೂತಿದ್ದಲ್ಲೇ ನನ್ನನ್ನೂ ಕೂರಿಸು. ತಿಂಗಳು ಮಾತ್ರ ನೋಡಿಕೋ. ಹಸ್ತದ ಹಿಂದೆಮುಂದೆ ಸತ್ತರೆ ಹೆದರಿಕೆಯಿಲ್ಲ, ಮಳೆ ಬಂದು ನನ್ನ ಮೇಲಿನ ಅಪವಾದ ತೊಳೆಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸತ್ತರೆ ಭರಣಿಯವರೆಗೆ ಬಹಳ ದಿನ, ಅಷ್ಟು ದಿನ ನೀನು ಅವರನ್ನು ತಡೆಯಲಾರೆ. ಆಗ ಅವರ ಕೈಗೆ ಕೊಡಬೇಡ. ನೀನೇ ಮೊದಲು ಸುಟ್ಟುಬಿಡು.

ಮದುವೆಗೆ ಬರುವುದಿಲ್ಲ. ಹುಡುಗನ ತಾಯಿ ಕೇಳಿದರೆ ಅಕ್ಕನಿಗೆ ಪರೀಕ್ಷೆಯ ಕೆಲಸ ಎನ್ನು.

ಅಕ್ಕ


ಮರಡಿಹುಂಡಿ
24 ಆಗಸ್ಟ್ 2003

ಅಕ್ಕ,

ಹತ್ತು ತಿಂಗಳಾಯಿತು ನಿನಗೆ ಬರೆದು. ಏನು ಬರೆಯಲಿ? ಬರೆಯಲು ಕೂತಾಗಲೆಲ್ಲ ನಿನ್ನ ಉದ್ದ ತೋಳಿನ ರವಿಕೆ ಕಣ್ಣಿಗೆ ಬರುತ್ತಿತ್ತು. ನಾನು ಆಡಿದ ಮಾತಿಗೆ ಕ್ಷಮೆ ಕೇಳಲೂ ನಾಚಿಕೆ.

ನಯನ ಚೆನ್ನಾಗಿದ್ದಾಳೆ. ಈಗ ಐದು ತಿಂಗಳ ಬಸುರಿ. ನಿನ್ನ ಸೀರೆ ಉಟ್ಟುಕೊಂಡು ಬಂದಿದ್ದಳು, ನರಸೀಪುರದ ಅತ್ತೆ ಯಾಕೆ ಬರುವುದಿಲ್ಲ ಎಂದು ಕೇಳಿದಳು. ಪರೀಕ್ಷೆ ಎಂದೆ. ವರ್ಷವಿಡೀ ಯಾವ ಪರೀಕ್ಷೆ ಎಂದು ಅವಳು ಕೇಳಲಿಲ್ಲ.

ಈ ವರ್ಷವೂ ಮಳೆಯಿಲ್ಲ. ಭರಣಿಯಿಂದ ಮಘೆಯವರೆಗೆ ಒಂದೂ ನೆಟ್ಟಗೆ ಬರಲಿಲ್ಲ. ಸುಡಲು ನಮ್ಮ ಹೊಲದಲ್ಲಿ ಯಾರೂ ಉಳಿದಿಲ್ಲ, ಈಗಲಾದರೂ ಬುದ್ಧಿ ಬಂದೀತು ಎಂದುಕೊಂಡಿದ್ದೆ. ಗುಣಿಯಲ್ಲಿ ಮೂಳೆಯೋ ಕೂದಲೋ ಉಳಿದಿರಬೇಕೆಂದು ರಾಚಯ್ಯ ಎಬ್ಬಿಸಿದ. ಬಂದು ಮತ್ತೆ ಕೆದಕಿ ನೋಡಿ ಹೋದರು. ಏನೂ ಸಿಗಲಿಲ್ಲ.

ನಿನ್ನೆ ಪುಟ್ಟಸ್ವಾಮಿ ಅಂಗಡಿಗೆ ಕರೆಸಿ ಕಾಫಿ ಕೊಟ್ಟರು. "ನಿಮ್ಮಕ್ಕಂಗೆ ಒಂದ್ ಕಾಗ್ದ ಬರಿ. ಈ ಸಲಿ ಗಾಳಿ ಯಾವಾಗ ತಿರುಗ್ತದೆ ಕೇಳು" ಎಂದರು. ಯಾಕೆ ಎಂದೆ. "ಊರ್ಗೆ ಏನಾರ ಒಂದ್ ತೋರಿಸ್ಬೇಕಲ್ಲ" ಎಂದರು. ಕಾಫಿ ಮುಗಿಯುವ ಹೊತ್ತಿಗೆ, ಬೇರೆ ಕಡೆ ನೋಡಿಕೊಂಡು, "ಅಕ್ಕ ಮೈಯಾಗ್ ಉಸಾರಾಗವ್ರ? ಮಗಳ್ ಮದ್ವೆಗೂ ಬರ್ನಿಲ್ವಲ್ಲ, ಯಾಕ್ಲಾ?" ಎಂದರು. ಉಳಿದ ಕಾಫಿ ಬಿಟ್ಟು ಲೋಟ ಕೆಳಗಿಟ್ಟು ಎದ್ದುಬಿಟ್ಟೆ. ಅವರು ಅದನ್ನು ನೋಡಿದರು.

ಮನೆಗೂ ಹೋಗದೆ ನೇರ ಹೊಲಕ್ಕೆ ಹೋದೆ. ಗುಣಿ ಮುಚ್ಚಬೇಡ ಎಂದು ನೀನು ಕೇಳಿದ್ದೆ. ಮುಚ್ಚಿದೆ ಅಕ್ಕ. ಮೋಟು ನಿಂತಿದ್ದ ಬೇವಿನ ಬುಡವನ್ನೂ ಕಿತ್ತು, ಗುರುತು ಸಿಗದ ಹಾಗೆ ಮೇಲೆ ನೇಗಿಲು ಹೊಡೆದೆ. ನೀನು ಯಾವ ತಿಂಗಳಲ್ಲಿ ಕಣ್ಣು ಮುಚ್ಚಿದರೂ ನಿನ್ನನ್ನು ಈ ಊರಿನ ಮಣ್ಣಿಗೆ ತರುವುದಿಲ್ಲ. ನಿನ್ನ ಹೆಸರು ಯಾರಿಗೂ ಗೊತ್ತಿಲ್ಲದ ಕಡೆ, ನೀರಾವರಿಯ ಊರಿನಲ್ಲಿ, ಮಳೆಗೆ ಯಾರೂ ಕಾಯದ ಕಡೆ ಕೂರಿಸುತ್ತೇನೆ.

ಹೋದ ವರ್ಷ ಬಾ ಬಾ ಎಂದು ಎಷ್ಟು ಕಾಗದದಲ್ಲಿ ಗೋಗರೆದೆ. ಈಗಲೂ ಅಷ್ಟೇ ಗೋಗರೆದು ಕೇಳಿಕೊಳ್ಳುತ್ತೇನೆ. ಗಾಳಿ ಯಾವಾಗ ತಿರುಗುತ್ತದೆಂದು ನನಗೂ ಬರೆಯಬೇಡ. ನಯನಳಿಗೆ ಹೆರಿಗೆಯಾಯಿತೆಂದು ಸುದ್ದಿ ಬಂದರೂ ಹೊರಡಬೇಡ. ನಾನು ಸತ್ತೆನೆಂದು ಕೇಳಿದರೂ ಬರಬೇಡ ಅಕ್ಕ.

ನಿನ್ನ ತಮ್ಮ
ಗಂಗಾಧರ